ಸತ್ಯಾಂಶ: ಗ್ರಿಲ್ ತೊಳೆಯಬಾರದಾ?

"ಗ್ರಿಲ್ ತೊಳೆಯಬೇಡಿ. ಹಳೇ ಕರಿ ಜಿಡ್ಡೇ ರುಚಿ, ಕೀಟಾಣುಗಳನ್ನು ಬೆಂಕಿಯೇ ಸುಡುತ್ತದೆ." ಕೆಂಡದ ಮೇಲಿಟ್ಟು ಕೋಳಿ ಸುಡುವ ಸರಳುಗಳ ಗ್ರಿಲ್ ಬಗ್ಗೆ ಮೈಸೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂದ ಸಂದೇಶ ಇದು. ಅರ್ಧ ಮಾತ್ರ ನಿಜ. ಚೆನ್ನಾಗಿ ಕಾದರೆ ಕೀಟಾಣು ಸಾಯುತ್ತವೆ. ಆದರೆ ಜಿಡ್ಡು ಉಳಿಯುತ್ತದೆ. ಅದು ಕಮಟುತ್ತದೆ, ಇಲಿ, ಜಿರಲೆಗಳನ್ನು ಕರೆಯುತ್ತದೆ. ಕರಗಿ ಕೆಂಡಕ್ಕೆ ತೊಟ್ಟಿಕ್ಕಿದರೆ ಬೆಂಕಿ ಭಗ್ಗನೆ ಏಳುತ್ತದೆ. ತಾರಸಿ ಮೇಲೆ ಸುತ್ತ ಮಕ್ಕಳೂ ಇರುತ್ತಾರೆ, ಅಲ್ವಾ?

ಸರಳುಗಳು ಬಿಸಿ ಇರುವಾಗಲೇ ಮರದ ಪಟ್ಟಿಯಿಂದ ಕೆರೆಯಿರಿ. ಆರಿದ ಮೇಲೆ ತೆಂಗಿನ ನಾರು, ಸೋಪಿನ ನೀರು ಸಾಕು. ತಂತಿ ಬ್ರಷ್ ಮಾತ್ರ ಬೇಡವೇ ಬೇಡ. ಅದರಿಂದ ಉದುರಿದ ತಂತಿ ಊಟದ ಜೊತೆ ಹೋಗಿ ಗಂಟಲಿಗೆ, ಕರುಳಿಗೆ ಚುಚ್ಚಿದ್ದನ್ನು ಅಮೆರಿಕದ ವೈದ್ಯರು 2012ರಲ್ಲೇ ವರದಿ ಮಾಡಿದ್ದಾರೆ.

ಇನ್ನೊಂದು ಮಾತು. ಮೇಲೆ ಕಪ್ಪಾದರೆ ಕೋಳಿ ಬೆಂದಿದೆ ಅಂತಲ್ಲ. ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಬೇಕು.