ಒಳನಾಡನ್ನೂ ನೋಡುವವರಿಗೆ ಒಂದೇ ದಿಕ್ಕಿನ ಯಾನ ಲೇಸು

ಅಲಾಸ್ಕಾ ನೋಡಲು ಅಮೆರಿಕದ ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗು ಉತ್ತಮವೆಂದು ಪ್ರವಾಸ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ವಿಮಾನದ ಖರ್ಚಿನ ಮಟ್ಟಿಗೆ ಅದು ಸರಿಯಾದರೂ, ಒಳನಾಡನ್ನೂ ಕಾಣಬಯಸುವವರು ಕೆನಡಾದ ವ್ಯಾಂಕೂವರ್‌ನಿಂದ ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್ ಬಂದರಿನವರೆಗಿನ ಒಂದೇ ದಿಕ್ಕಿನ ಯಾನವನ್ನು ಆರಿಸಿಕೊಳ್ಳುವುದು ಲೇಸು. ಏಕೆಂದರೆ ಆ ಬಂದರುಗಳಿಂದಲೇ ಅಲಾಸ್ಕಾ ರೈಲುಮಾರ್ಗವು ಆಂಕರೇಜ್ ಮೂಲಕ ಒಳನಾಡಿನ ಡೆನಾಲಿ, ಫೇರ್‌ಬ್ಯಾಂಕ್ಸ್‌ಗಳತ್ತ ಸಾಗುತ್ತದೆ. 6,190 ಮೀಟರ್ ಎತ್ತರದ ಡೆನಾಲಿ ಶಿಖರವು ಬೇಸಿಗೆಯಲ್ಲಿಯೂ ಹೆಚ್ಚಿನ ದಿನ ಮೋಡದ ಮರೆಯಲ್ಲಿರುವುದರಿಂದ, ಅಲ್ಲಿ ಒಂದೇ ರಾತ್ರಿ ತಂಗುವ ಪ್ಯಾಕೇಜನ್ನು ನಾನಂತೂ ಒಪ್ಪಲಾರೆ. ಇನ್ನು ಹಡಗಿನ ಮಾರ್ಗದ ಮಾತು: ಹಿಮನದಿಗಳಿರುವ ರಾಷ್ಟ್ರೀಯ ಉದ್ಯಾನವಾದ ಗ್ಲೇಷಿಯರ್ ಬೇ ಕೊಲ್ಲಿಯೊಳಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶವಿದೆ. ಪ್ರಯಾಣಿಕರು ಅಲ್ಲಿ ಇಳಿಯುವುದಿಲ್ಲ, ಉದ್ಯಾನದ ರೇಂಜರ್‌ಗಳೇ ಹಡಗು ಹತ್ತಿ ಬಂದು ಹಿಮನದಿಗಳ ಕುರಿತು ವಿವರಿಸುತ್ತಾರೆ. ಆದ್ದರಿಂದ ಟಿಕೆಟ್ ಕಾದಿರಿಸುವ ಮುನ್ನವೇ ಮಾರ್ಗದಲ್ಲಿ ಗ್ಲೇಷಿಯರ್ ಬೇ ಹೆಸರಿದೆಯೇ ಎಂದು ನೋಡಬೇಕು. ಭಾರತೀಯ ಪಾಸ್‌ಪೋರ್ಟ್ ಉಳ್ಳವರು ವ್ಯಾಂಕೂವರ್‌ನಿಂದ ಹೊರಡುವುದಾದರೆ ಅಮೆರಿಕದ ವೀಸಾದೊಂದಿಗೆ ಕೆನಡಾದ ವೀಸಾವನ್ನೂ ಮೊದಲೇ ಪಡೆದಿರಬೇಕು.