ಕಕ್ಕದ ಪುಟ ಎಲ್ಲಿ?

ಮೊನ್ನೆ ಉಡುಪಿ ಪೇಟೆಯಿಂದ ಮಗಳಿಗೊಂದು ಪುಸ್ತಕ ತಂದೆ. ಊಟ ಹೇಗೆ ಜೀರ್ಣವಾಗುತ್ತದೆ ಅಂತ ಹೇಳುವ ಚಿತ್ರಕಥೆ. ದಪ್ಪ ಹಾಳೆ, ಬಣ್ಣ ಬಣ್ಣದ ಚಿತ್ರ. ಒಂದು ಬ್ರೆಡ್ ತುಂಡು ಬಾಯಿಗೆ ಹೋಗುತ್ತದೆ, ಜಾರುಬಂಡಿಯಲ್ಲಿ ಜಾರಿದ ಹಾಗೆ ಅನ್ನನಾಳ ಇಳಿಯುತ್ತದೆ, ಜಠರದಲ್ಲಿ ಈಜುತ್ತದೆ, ಕರುಳಲ್ಲಿ ಸುತ್ತುತ್ತದೆ, ಆಮೇಲೆ 'ಶಕ್ತಿ'ಯಾಗಿ ಫಳಫಳ ಹೊಳೆಯುತ್ತದೆ. ಕಥೆ ಮುಗಿಯಿತು. ಮಗಳು ಹಿಂದಿನ ರಟ್ಟನ್ನೂ ತಿರುಗಿಸಿ ನೋಡಿದಳು. "ಅಮ್ಮಾ, ಕಕ್ಕದ ಪುಟ ಎಲ್ಲಿ?"

ಐದು ವರ್ಷದವಳಿಗೆ ಹೊಳೆದದ್ದು ಬರೆದವರಿಗೆ ಹೊಳೆಯಲಿಲ್ಲವೇ? ನಾಚಿಕೆ ಆಗಿರಬೇಕು.

ನನಗೆ ಸಿಟ್ಟು ಬರಲು ಕಾರಣ ಇದೆ. ಕಳೆದ ವರ್ಷ ಇವಳು ಶಾಲೆಯಲ್ಲಿ ಎರಡಕ್ಕೆ ಹೋಗಬೇಕು ಅಂತ ಹೇಳಲು ನಾಚಿ, ತಡೆದೂ ತಡೆದೂ ಹೊಟ್ಟೆನೋವು ಮಾಡಿಕೊಂಡಿದ್ದಳು. ನಾವು ಹುಳ ಅಂದುಕೊಂಡೆವು. ಅತ್ತೆ ದೃಷ್ಟಿ ತೆಗೆದರು. ಡಾಕ್ಟರು ಎರಡು ಪ್ರಶ್ನೆ ಕೇಳಿ ವಿಷಯ ಹಿಡಿದರು. ದೊಡ್ಡ ಕರುಳಿನ ಮುಖ್ಯ ಕೆಲಸವೇ ನೀರು ಹೀರುವುದು. ತಡೆದಷ್ಟೂ ಅದು ಹೀರುತ್ತಲೇ ಇರುತ್ತದೆ. ಕಕ್ಕ ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ, ಆ ನೋವಿಗೆ ಹೆದರಿ ಮಗು ಇನ್ನೂ ತಡೆಯುತ್ತದೆ. ಇದನ್ನು ಮೊದಲೇ ಯಾವುದಾದರೂ ಕಥೆಯಲ್ಲಿ ಓದಿದ್ದರೆ ಇವಳು ಟೀಚರ್ ಹತ್ತಿರ ಬಾಯಿ ಬಿಡುತ್ತಿದ್ದಳೋ ಏನೋ.

ಇನ್ನೊಂದು ತಕರಾರು. 'ಹೊಟ್ಟೆ' ಅಂದರೆ ನಮಗೆ ಎದೆಯ ಕೆಳಗಿರುವುದೆಲ್ಲ. ತುಳುವಿನ ಬಂಜಿಯೂ ಹಾಗೇ. ಊಟ ಹೋಗುವುದೂ ಹೊಟ್ಟೆಗೆ, ಪಾಪು ಇರುವುದೂ ಹೊಟ್ಟೆಯಲ್ಲಿ. ನನ್ನ ತಂಗಿ ಬಸುರಿಯಾಗಿದ್ದಾಗ ಬಿಸಿ ಸಾರು ಬಡಿಸಲು ಹೋದರೆ ಮಗಳು ನನ್ನ ಕೈ ಹಿಡಿದಿದ್ದಳು. "ಬೇಡ, ಪಾಪು ತಲೆ ಮೇಲೆ ಬೀಳ್ತದೆ!" ಪುಸ್ತಕದಲ್ಲಿ ನೇರ 'ಜಠರ' ಅಂದರೆ ಮಗುವಿಗೆ ಅದು ಎಲ್ಲಿಯದೋ ಏನೋ. ಹೊಟ್ಟೆಯೊಳಗೆ ಊಟಕ್ಕೊಂದು ಚೀಲ, ಪಾಪುವಿಗೆ ಬೇರೆಯೇ ಚೀಲ ಅಂತ ಒಂದು ಸಾಲು ಸಾಕಿತ್ತು, ಅಲ್ವಾ?

ಜಾರುಬಂಡಿಯೂ ತಪ್ಪೇ. ಅನ್ನನಾಳದಲ್ಲಿ ಊಟ ಸುಮ್ನೆ ಜಾರುವುದಿಲ್ಲ, ಸ್ನಾಯುಗಳು ಹಿಂಡಿ ಹಿಂಡಿ ತಳ್ಳುತ್ತವೆ. ಕಾಲುಚೀಲದೊಳಗೆ ಗೋಲಿ ಹಾಕಿ ಹಿಂದಿನಿಂದ ಒತ್ತುತ್ತಾ ಹೋದ ಹಾಗೆ. ತಲೆಕೆಳಗಾಗಿ ನಿಂತರೂ ನುಂಗಿದ್ದು ಜಠರಕ್ಕೇ ಹೋಗುತ್ತದೆ. (ಇದನ್ನು ಮಕ್ಕಳಿಗೆ ಹೇಳಬೇಡಿ, ಮಾಡಿ ನೋಡುತ್ತಾರೆ.)

ಕೊನೆಗೆ ನಾವೇ ಒಂದು ಕಥೆ ಕಟ್ಟಿದೆವು. ಬ್ರೆಡ್ ಹೋಗಿ ಕುಚ್ಚಲಕ್ಕಿ ಅನ್ನ ಬಂತು. ಒಂದು ತುತ್ತು ಬಾಯಿಗಿಟ್ಟು, ನುಂಗದೆ ಅಗಿಯುತ್ತಾ ಕೂರು ಅಂದೆ. ಸ್ವಲ್ಪ ಹೊತ್ತಿಗೆ ಕಣ್ಣರಳಿಸಿದಳು. "ಸಿಹಿ ಆಯ್ತು!" ಎಂಜಲು ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡಲು ಶುರು ಮಾಡಿತ್ತು. ಜೀರ್ಣ ಬಾಯಲ್ಲೇ ಶುರುವಾಗುತ್ತದೆ ಅಂತ ಬೇರೆ ಹೇಳಬೇಕಾಗಲಿಲ್ಲ.

ಆಮೇಲೆ ಸೀರೆ. ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಅತ್ತೆಯ ಹತ್ತಿ ಸೀರೆ 5.5 ಮೀಟರ್. ಚಾವಡಿಯಿಂದ ಅಡುಗೆಮನೆ ಬಾಗಿಲ ತನಕ ಹಾಸಿದೆವು. ಅದರ ತುದಿಗೆ ಮಾವನ ಬೈರಾಸು (ಮೈ ಒರೆಸುವ ಬಟ್ಟೆ), ಒಂದೂವರೆ ಮೀಟರಿನ ದೊಡ್ಡ ಕರುಳು. ನೀರು ಹೀರುವುದು ಬೈರಾಸಿನ ಕೆಲಸವೇ ತಾನೆ! "ಸಣ್ಣದು ಯಾಕೆ ಇಷ್ಟುದ್ದ?" ಅಂದಳು. ಹೆಸರಿಟ್ಟದ್ದು ಉದ್ದ ನೋಡಿ ಅಲ್ಲ, ಅಗಲ ನೋಡಿ. "ಇಷ್ಟೆಲ್ಲ ಒಳಗೆ ಹೇಗೆ ಹಿಡೀತದೆ?" ಸೀರೆಯನ್ನು ಮುದ್ದೆ ಮಾಡಿ ಸಣ್ಣ ಬಟ್ಟೆ ಚೀಲಕ್ಕೆ ತುರುಕಿ ತೋರಿಸಿದೆ. ಮಾವ ಗಡಿಯಾರ ನೋಡುತ್ತಾ ಲೆಕ್ಕ ಹೇಳಿದರು: ಅನ್ನನಾಳದಲ್ಲಿ ಕೆಲವೇ ಸೆಕೆಂಡು, ಜಠರದಲ್ಲಿ 2ರಿಂದ 4 ಗಂಟೆ, ಬೈರಾಸಿನಲ್ಲಿ ಒಂದು ದಿನ, ಕೆಲವೊಮ್ಮೆ ಜಾಸ್ತಿ. ಮಣಿಪಾಲದ ಅನಾಟಮಿ ಮ್ಯೂಸಿಯಂಗೆ ಹೋದರೆ ನಿಜವಾದ ಅಂಗಗಳನ್ನೇ ನೋಡಬಹುದು. ಈ ವಯಸ್ಸಿಗೆ ನನಗೆ ಸೀರೆಯೇ ವಾಸಿ ಅನಿಸಿತು.

ಸ್ವಲ್ಪ ದೊಡ್ಡ ಮಕ್ಕಳಿಗೆ ಮಾತಾಡುವ ಬ್ರೆಡ್ ಯಾಕೆ ಬೇಕು, ನಿಜವಾದ ಕಥೆಯೇ ಇದೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬವನ ಹೊಟ್ಟೆಗೆ ಗುಂಡು ತಗಲಿತು. ಬದುಕಿದ, ಆದರೆ ಜಠರದ ತೂತು ಮುಚ್ಚಲೇ ಇಲ್ಲ. ವಿಲಿಯಂ ಬೋಮಾಂಟ್ ಎಂಬ ವೈದ್ಯ ಮಾಂಸ, ಬ್ರೆಡ್, ಎಲೆಕೋಸು ಎಲ್ಲವನ್ನೂ ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಬಿಟ್ಟು, ಹೊರಗೆ ಎಳೆದು ನೋಡುತ್ತಿದ್ದ. 1833ರಲ್ಲಿ ಪುಸ್ತಕವನ್ನೂ ತಂದ. ಪಾಪ, ಆ ಸೇಂಟ್ ಮಾರ್ಟಿನ್‌ಗೆ ಎಷ್ಟು ಬೇಸರ ಬಂದಿತ್ತೋ.

ಮತ್ತೆ, ನಾನು ಪೇಟೆಯಿಂದ ತಂದ ಪುಸ್ತಕದ ಕೊನೆಯ ಪುಟವನ್ನು ಮಗಳೇ ಮಾಡಿದಳು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಕಮೋಡು, ಅದರ ಮೇಲೆ ಯಕ್ಷಗಾನದ ಕಿರೀಟ ಇಟ್ಟುಕೊಂಡು ಕೂತ ಕಕ್ಕ. ರಟ್ಟಿಗೆ ಗೋಂದು ಹಾಕಿ ಅಂಟಿಸಿದೆವು. ಅತ್ತೆ ಸೀರೆ ಕೊಡವಿ ಮಡಚುತ್ತಾ ಅಂದರು, "ಇನ್ನು ಈ ಕರುಳು ಉಟ್ಟುಕೊಂಡು ಮಠಕ್ಕೆ ಹೋಗುವುದು ಹೇಗೆ ಮಾರಾಯ್ತಿ?"