ಕೈ ನಿಂತಾಗ ಕ್ಯಾಮೆರಾ ತಿರುಗಿಸಬೇಡಿ

ದಾವಣಗೆರೆಯಲ್ಲಿ ಸ್ಟುಡಿಯೋ ಎಂದರೆ ಇಂದಿಗೂ ಫೋಟೊ ತೆಗೆಸುವ ಅಂಗಡಿ. ಚಿತ್ರ ಬರೆಯುವವರ ಕೋಣೆಗೂ ಅದೇ ಹೆಸರಿದೆ ಎಂದು ನನಗೆ ತಿಳಿದದ್ದು ಇಲ್ಲಿನ ದೃಶ್ಯಕಲಾ ಕಾಲೇಜಿಗೆ ಸೇರಿದ ಮೇಲೆ. 1964ರಲ್ಲಿ ಆರಂಭವಾದ ಕಾಲೇಜು ಅದು. ಆದರೂ ನಾವು ಓದುವಾಗ ಹೊರದೇಶದ ಕಲಾವಿದರನ್ನು ಕಂಡದ್ದು ಪುಸ್ತಕದ ಅಂಗೈಯಗಲದ ಚಿತ್ರಗಳಲ್ಲಿ ಮಾತ್ರ. ಬಣ್ಣ ಎಷ್ಟು ದಪ್ಪ, ಕುಂಚ ಎಷ್ಟು ಅಗಲ, ಯಾವುದೂ ಗೊತ್ತಾಗುತ್ತಿರಲಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದರೆ ಅವರ ಕೋಣೆಯೊಳಗೇ ಹೋಗಿ ಕೂರಬಹುದು. ಡೆನ್ಮಾರ್ಕಿನ ಲೂಯಿಸಿಯಾನ ಎಂಬ ಕಲಾ ಮ್ಯೂಸಿಯಂ 2012ರಿಂದ ಕಲಾವಿದರನ್ನು ಹೀಗೆ ತೋರಿಸುವ ವಿಡಿಯೊಗಳನ್ನು ಹಾಕುತ್ತಿದೆ. ಅಮೆರಿಕದ ಆರ್ಟ್21 ಎಂಬ ಸಂಸ್ಥೆ ಅದಕ್ಕೂ ಮೊದಲು, 2001ರಲ್ಲಿಯೇ ಟಿವಿಯಲ್ಲಿ ಶುರುಮಾಡಿತ್ತು. ಈ ಉಪಕಾರವನ್ನು ನಾನು ಮರೆಯಲಾರೆ.

ಆದರೆ ನನ್ನದೊಂದು ತಕರಾರಿದೆ. ಅನೇಕ ವಿಡಿಯೊಗಳಲ್ಲಿ ಕಲಾವಿದರ ಕೈ ಒಂದು ಕ್ಷಣ ನಿಂತಿತೆಂದರೆ ಸಾಕು, ದೃಶ್ಯ ಬದಲಾಗುತ್ತದೆ. ಕಿಟಕಿ, ಬೆಕ್ಕು, ಪಿಯಾನೊ. ನನಗೆ ಬೇಕಾದದ್ದು ಆ ನಿಂತ ಕೈ! ಮುಂದಿನ ಗೆರೆ ಎಲ್ಲಿಗೆ ಹೋಗಬೇಕು ಎಂದು ಅದು ತೀರ್ಮಾನಿಸುತ್ತಿರುವುದೇ ಆಗ.

ನಮ್ಮ ಪಕ್ಕದ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡರ ಒಂದು ಕೃತಿಯಿದೆ. ಗೋಡೆಯಿಂದ ನೆಲಕ್ಕೆ ಇಳಿದು ಸುತ್ತಿಕೊಂಡ ಕೆಂಪು ಹಗ್ಗಗಳು. ಫೋಟೊದಲ್ಲಿ ನೋಡಿ ಬಣ್ಣ ಬಳಿದ ಹಗ್ಗ ಎಂದುಕೊಂಡಿದ್ದೆ. ಸೂಜಿಗಳಿಗೆ ಪೋಣಿಸಿದ ಉದ್ದುದ್ದದ ದಾರಗಳನ್ನು ಒಟ್ಟು ಹಿಡಿದು, ಕುಂಕುಮ ಬೆರೆಸಿದ ಅಂಟು ಸವರಿ ಮಾಡಿದ್ದು ಅದು. ಸೂಜಿಗಳು ತುದಿಯಲ್ಲಿ ಗೊಂಚಲಾಗಿ ನೇತಾಡುತ್ತವೆ. ಇದು ತಿಳಿದ ದಿನ ನನ್ನ ಬೆರಳುಗಳೇ ಸೋತಂತಾದವು. ದಾರವೊಂದು ಸೂಜಿಯಲ್ಲಿ ಆ ತುದಿಯಿಂದ ಈ ತುದಿಗೆ ಹಾಯುವಷ್ಟು ಹೊತ್ತು ನಮ್ಮನ್ನು ಎದುರಿಗೆ ಕೂರಿಸದ ವಿಡಿಯೊದಿಂದ ಏನು ಪ್ರಯೋಜನ?

ಕ್ಯಾಮೆರಾ ಎದುರಿಗಿದ್ದರೆ ಕೆಲಸವೇ ಕೆಡುತ್ತದೆ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. 1950ರಲ್ಲಿ ಹಾನ್ಸ್ ನಮುತ್ ಎಂಬ ಛಾಯಾಗ್ರಾಹಕ, ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್‌ನಿಂದ ಗಾಜಿನ ಮೇಲೆ ಚಿತ್ರ ಬರೆಸಿ, ಕೆಳಗಿನಿಂದ ಚಿತ್ರೀಕರಿಸಿದ. ಅದು ಮುಗಿದ ದಿನವೇ, ಎರಡು ವರ್ಷ ಮದ್ಯ ಮುಟ್ಟದಿದ್ದ ಪೊಲಾಕ್ ಮತ್ತೆ ಕುಡಿದ. ಚಳಿಯಲ್ಲಿ ನಿಲ್ಲಿಸಿ, ಹೇಳಿದಾಗ ಶುರುಮಾಡು, ಹೇಳಿದಾಗ ನಿಲ್ಲಿಸು ಎಂದರೆ ಯಾರ ಮನಸ್ಸು ತಾನೇ ಮುರಿಯುವುದಿಲ್ಲ? ಸುಮ್ಮನೆ ಮೂಲೆಯಲ್ಲಿಟ್ಟ ಮೊಬೈಲ್ ಹಾಗೆ ಅಪ್ಪಣೆ ಮಾಡುವುದಿಲ್ಲ.

ಕಾಲೇಜಿನ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ: ನಿಮ್ಮ ಮೇಷ್ಟ್ರು ಚಿತ್ರ ಬರೆಯುವಾಗ ಹೀಗೆಯೇ ಮೊಬೈಲ್ ಇಟ್ಟು ಕುಳಿತುಕೊಳ್ಳಿ. ಅವರು ಕನ್ನಡದಲ್ಲಿಯೇ ಮಾತನಾಡಲಿ, ಬೇಡವಾದರೆ ಸುಮ್ಮನಿರಲಿ.

ಕಳೆದ ಭಾನುವಾರ ಮಂಡಕ್ಕಿ ಭಟ್ಟಿಯ ಹತ್ತಿರವಿರುವ ಗೆಳೆಯನ ತಗಡಿನ ಶೆಡ್ಡಿಗೆ ಹೋಗಿದ್ದೆ. ಅಲ್ಲಿಯೇ ಅವನು ಚಿತ್ರ ಬರೆಯುವುದು. ಕ್ಯಾನ್ವಾಸಿನ ಮೇಲೆ ಮಸಿ ಬಂದು ಕೂರುತ್ತದೆ. ಅವನು ಅದನ್ನು ಒರೆಸದೆ ಬೆರಳಿನಿಂದ ತೀಡಿ ಚಿತ್ರದೊಳಕ್ಕೇ ಸೇರಿಸಿಕೊಳ್ಳುತ್ತಾನೆ. ನಲವತ್ತು ನಿಮಿಷ ಮೊಬೈಲ್ ಇಟ್ಟಿದ್ದೆ. ಅಷ್ಟರಲ್ಲಿ ಅವನು ಎಳೆದದ್ದು ಮೂರು ಗೆರೆ, ಅಳಿಸಿದ್ದು ಒಂದು. ನಡುವೆ ಅವನ ತಾಯಿ ಬಂದು, “ಚಹಾ ಆರಿ ಹೋಯಿತಲ್ಲಪ್ಪ” ಎಂದು ಲೋಟ ತೆಗೆದುಕೊಂಡು ಹೋದರು. ಅವನು ತಲೆಯೆತ್ತಲಿಲ್ಲ.

ಒಂದು ನಿಮಿಷವನ್ನೂ ಕತ್ತರಿಸದೆ ಇಂದು ರಾತ್ರಿ ಅದನ್ನು ಇಲ್ಲಿ ಹಾಕುತ್ತೇನೆ.